ಜರಾ ಬೆಳ್ಳಗ ಮಾಡ್ರಿ

ಕಲಬುರಗಿಯಲ್ಲಿ ಏಪ್ರಿಲ್ ಮುಗಿಯುವಷ್ಟರಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟಿರುತ್ತದೆ. ಮಧ್ಯಾಹ್ನ ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆದು ಹೋಗಿ ಬಂದವರನ್ನು ಮನೆಯವರೇ ಒಂದು ಸಲ ದಿಟ್ಟಿಸಿ ನೋಡಿ ಬಾಗಿಲು ತೆಗೆಯುತ್ತಾರೆ. ತಲೆಗೆ ಟವೆಲ್ ಸುತ್ತಿದವರು, ಓಢಣಿಯಲ್ಲಿ ಕಣ್ಣಷ್ಟೇ ಬಿಟ್ಟವರು, ಪೊಲೀಸರಿಗೆ ಹೆದರಿ ಅಲ್ಲ ಸೂರ್ಯನಿಗೆ ಹೆದರಿ ಹೆಲ್ಮೆಟ್ ಹಾಕಿದವರು, ಎಲ್ಲರೂ ಒಂದು ತುಂಡು ನೆರಳು ಹುಡುಕುತ್ತಿರುತ್ತಾರೆ. ಮರಕ್ಕಿಂತ ಫ್ಲೆಕ್ಸ್ ಜಾಸ್ತಿ ಇರುವ ರಸ್ತೆಯಲ್ಲಿ ನೆರಳು ಸಿಗುವುದು ಫ್ಲೆಕ್ಸಿನ ಕೆಳಗೇ.

ಅಲ್ಲಿ ನಿಂತು ತಲೆ ಎತ್ತಿ ನೋಡಿ. ಮೇಲೆ ಬೇರೆಯದೇ ದೇಶ ಇದೆ. ಆ ದೇಶದಲ್ಲಿ ಬಿಸಿಲಿಲ್ಲ, ಧೂಳಿಲ್ಲ, ಬೆವರಿಲ್ಲ. ಸಾಲಾಗಿ ಮೂವತ್ತು ಮಾರಿ, ಅಂದರೆ ಮುಖ. ಮೂವತ್ತಕ್ಕೂ ಒಂದೇ ಬಣ್ಣ, ಹಾಲಿಗೆ ರೂಹ್ ಅಫ್ಜಾ ಬೆರೆಸಿದ ಬಣ್ಣ. ಯಾರಿಗೂ ಸುಕ್ಕಿಲ್ಲ, ಯಾರಿಗೂ ಮಚ್ಚೆಯಿಲ್ಲ. ಅರವತ್ತು ದಾಟಿದವರಿಗೂ ಕತ್ತಿನಲ್ಲಿ ಒಂದು ಗೆರೆ ಇಲ್ಲ. ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತಿರುವವರು ಇವರದೇ ಮತದಾರರು, ಇವರದೇ ಕಾಕಾ-ಕಾಕು, ಇವರದೇ ರಕ್ತ ಅಂದರೆ ನಂಬುವುದು ಕಷ್ಟ.

ಫ್ಲೆಕ್ಸ್ ಹಾಕಲು ನಮ್ಮಲ್ಲಿ ಕಾರಣ ಬೇಕಿಲ್ಲ. ಹುಟ್ಟುಹಬ್ಬ ಸಾಕು. ಸ್ವಂತದ್ದೇ ಆಗಬೇಕಂತಲೂ ಇಲ್ಲ. ಜಾತ್ರೆ ಬಂದರೆ ದೇವರು ಮೇಲಿನ ಮೂಲೆಯಲ್ಲಿ ಅಂಚೆ ಚೀಟಿಯಷ್ಟು, ಭಕ್ತರು ನಡುವೆ ಆಳೆತ್ತರ. ಸೆಪ್ಟೆಂಬರ್ 17 ಬಂದರೆ 1948ರ ನೆನಪಿಗಿಂತ 'ಶುಭ ಕೋರುವವರು' ಜಾಸ್ತಿ. ನಿಜಾಮನ ಆಳ್ವಿಕೆಯಿಂದ ನಮಗೆ ಬಿಡುಗಡೆ ಸಿಕ್ಕಿತು. ಕಂಬಗಳಿಗೆ ಇನ್ನೂ ಸಿಕ್ಕಿಲ್ಲ.

ಈ ದೇಶದ ಪ್ರಜೆಗಳು ತಯಾರಾಗುವುದು ಹತ್ತು ಅಡಿ ಅಗಲದ ಫ್ಲೆಕ್ಸ್ ಅಂಗಡಿಯಲ್ಲಿ. ಒಳಗೆ ಎರಡು ಕಂಪ್ಯೂಟರ್, ಒಂದು ಕೂಲರ್, ಪೆನ್ ಡ್ರೈವ್ ಹಿಡಿದು ಕಾಯುವ ನಾಲ್ಕು ಮಂದಿ. ಮೌಸ್ ಹಿಡಿದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಊರಿನ ಎಲ್ಲ ದೊಡ್ಡವರ ಮುಖದ ಗುಟ್ಟು ಅವನಿಗೆ ಗೊತ್ತು. ಯಾರ ಕಣ್ಣಿನ ಕೆಳಗೆ ಎಷ್ಟು ಕಪ್ಪು, ಯಾರ ತಲೆಯಲ್ಲಿ ಎಷ್ಟು ಬಯಲು, ಎಲ್ಲ ಫೈಲ್ ಮಾಡಿ ಇಟ್ಟಿದ್ದಾನೆ. ಬಾಯಿ ಬಿಟ್ಟರೆ ಅರ್ಧ ರಾಜಕೀಯ ಅಲ್ಲಾಡುತ್ತದೆ. ಅವನು ಬಿಡುವುದಿಲ್ಲ, ಬಾಕಿ ಬರಬೇಕಲ್ವಾ.

ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಅಣ್ಣಾ, ಜರಾ ಬೆಳ್ಳಗ ಮಾಡ್ರಿ."

"ಮಾಡೀನಲ್ರಿ."

"ಇನ್ನಾ ಜರಾ."

"ಇನ್ನ ಮಾಡಿದ್ರ ಮೂಗು ಹೋಗ್ತದ್ರಿ."

"ಹೋಗ್ಲಿ ಬಿಡ್ರಿ. ಚಷ್ಮಾ ಅದಲ್ಲ, ಅದರ ಮ್ಯಾಲ ಗುರುತು ಹಿಡೀತಾರ ಮಂದಿ."

ಮೂಗು ಹೋಗುತ್ತದೆ ಅನ್ನುವುದು ಬರೀ ತಮಾಷೆ ಅಲ್ಲ. ಮೂಗು ಕಾಣುವುದು ಅದರ ಪಕ್ಕದ ನೆರಳಿನಿಂದ. ನೆರಳು ಅಳಿಸಿದರೆ ಎರಡು ಹೊಳ್ಳೆ ಉಳಿಯುತ್ತವೆ, ಮೂಗಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಾಮಾನ್ಯ ಫ್ಲೆಕ್ಸ್ ಮಷಿನ್‌ನಲ್ಲಿ ಬಿಳಿ ಇಂಕೇ ಇರುವುದಿಲ್ಲ. ನೀಲಿ, ಕೆಂಪು, ಹಳದಿ, ಕಪ್ಪು, ಈ ನಾಲ್ಕರಲ್ಲೇ ಎಲ್ಲ ಆಟ. ಬೆಳ್ಳಗೆ ಕಾಣಬೇಕಾದ ಜಾಗದಲ್ಲಿ ಮಷಿನ್ ಏನೂ ಹಾಕದೆ ಮುಂದೆ ಹೋಗುತ್ತದೆ. ಕಾಣುವುದು ಕೆಳಗಿನ ಪ್ಲಾಸ್ಟಿಕ್. ಅಂದರೆ ಬ್ಯಾನರಿನಲ್ಲಿ ಸಾಹೇಬರು ಎಷ್ಟು ಬೆಳ್ಳಗಿದ್ದಾರೋ ಅಷ್ಟರ ಮಟ್ಟಿಗೆ ಅವರು ಅಲ್ಲಿ ಇಲ್ಲ. ಪೂರ್ತಿ ಬೆಳ್ಳಗಾದ ದಿನ ಖಾಲಿ ಫ್ಲೆಕ್ಸ್ ಕಟ್ಟಿ ಕೆಳಗೆ ಹೆಸರು ಬರೆದರೆ ಆಯಿತು. ರೇಟು ಮಾತ್ರ ಚದರಡಿ ಲೆಕ್ಕದಲ್ಲೇ. ಇಂಕು ಉಳಿದ ಲಾಭ ಅಂಗಡಿಯವನದು.

ಮಾರಿಯ ಕತೆ ಇದಾದರೆ ಮೈಯ ಕತೆ ಇನ್ನೂ ಮಜಾ. ಹುಡುಗನ ಕಂಪ್ಯೂಟರಿನಲ್ಲಿ 'ಬಾಡಿ' ಅಂತ ಒಂದು ಫೋಲ್ಡರ್ ಇರುತ್ತದೆ. ತೆರೆದರೆ ತಲೆಯಿಲ್ಲದ ಮೈಗಳು. ಕೈ ಮುಗಿದ ಬಿಳಿ ಅಂಗಿಯ ಮೈ. ಕೈ ಬೀಸುವ ಮೈ. ಕೋಟು ಹಾಕಿದ ಮೈ. ಕಾಲರ್ ಎತ್ತಿ ಮುಂದೆ ನಡೆದು ಬರುವ ಮೈ, ಇದಕ್ಕೆ ಯುವ ಘಟಕದವರ ಬೇಡಿಕೆ ಜಾಸ್ತಿ. ಗಿರಾಕಿ ಕೊಡಬೇಕಾದದ್ದು ತಲೆ ಮಾತ್ರ. "ಯಾವ ಬಾಡಿ ಹಾಕ್ಲಿ?" ಅಂತ ಹುಡುಗ ಕೇಳುತ್ತಾನೆ. ತೋರಿಸಿದ ಮೈ ಮೇಲೆ ತಲೆ ಕೂರಿಸಿ, ಕುತ್ತಿಗೆಯ ಹತ್ತಿರ ಸ್ವಲ್ಪ ಮಬ್ಬು ಮಾಡುತ್ತಾನೆ. ಮೈ ಯಾರದು ಅಂತ ತಲೆಗೆ ಗೊತ್ತಿಲ್ಲ, ತಲೆ ಯಾರದು ಅಂತ ಮೈಗೆ ಗೊತ್ತಿಲ್ಲ. ಮದುವೆ ಮುಗಿಯಿತು.

ಹೀಗಾಗಿ ಒಂದೇ ಬ್ಯಾನರಿನಲ್ಲಿ ಆರು ಮಂದಿ ಮುಖಂಡರಿಗೆ ಒಂದೇ ಮೈ ಬಂದಿರುತ್ತದೆ. ನಂಬದಿದ್ದರೆ ಕೈಗಡಿಯಾರ ನೋಡಿ. ಆರೂ ಕೈಯಲ್ಲಿ ಒಂದೇ ಗಡಿಯಾರ, ಆರರಲ್ಲೂ ಹತ್ತು ಹೊಡೆದು ಹತ್ತು ನಿಮಿಷ. ಪಕ್ಷದೊಳಗೆ ಗುಂಪುಗಾರಿಕೆ ಇದೆ ಅಂತ ಪೇಪರಿನವರು ಸುಮ್ನೆ ಬರೆಯುತ್ತಾರೆ. ಮೈ ಒಂದೇ ಆದ ಮೇಲೆ ಗುಂಪೆಲ್ಲಿ?

ಜಗಳ ಇರುವುದು ತಲೆಯ ಅಳತೆಯ ಮೇಲೆ. ರಾಜ್ಯ ಮಟ್ಟದವರದು ಕುಂಬಳಕಾಯಿ, ಜಿಲ್ಲಾ ಮಟ್ಟದವರದು ತೆಂಗಿನಕಾಯಿ, ತಾಲ್ಲೂಕಿನವರದು ನಿಂಬೆಹಣ್ಣು, ವಾರ್ಡಿನವರದು ಅಡಿಕೆ. ಒಂದಿಂಚು ಹೆಚ್ಚುಕಡಿಮೆ ಆದರೆ ಮಾತು ಬಿಡುತ್ತಾರೆ. "ನಾ ಅವನಕಿಂತ ಸಣ್ಣವ ಏನು?" ಅಂತ ಬೆಳಗ್ಗೆ ಅಂಗಡಿ ಬಾಗಿಲು ಬಡಿಯುತ್ತಾರೆ. ಎದುರಿಗೆ ನಿಂತ ಮನುಷ್ಯ ಐದಡಿ ಹತ್ತಿಂಚು ಇರುತ್ತಾನೆ, ತೂಕ ತೊಂಬತ್ತು ಕೆಜಿ. ಆದರೂ ತಾನು ಎಷ್ಟು ದೊಡ್ಡವನು ಅಂತ ತಿಳಿಯಲು ಅವನಿಗೆ ಬ್ಯಾನರೇ ಬೇಕು.

ಪಂಚಾಯಿತಿಗಳಲ್ಲಿ ಅರ್ಧ ಸೀಟು ಮಹಿಳೆಯರಿಗೆ ಮೀಸಲು ಮಾಡಿ 2010ರಿಂದ ನಮ್ಮ ರಾಜ್ಯ ಬೆನ್ನು ತಟ್ಟಿಕೊಳ್ಳುತ್ತಿದೆ. ಫ್ಲೆಕ್ಸಿನ ಮೀಸಲಾತಿ ಬೇರೆ. ಗೆದ್ದ ಅಮ್ಮನವರು ಎಡಗಡೆ ಸೆರಗು ಹೊದ್ದು ಸಣ್ಣಗೆ. ನಡುವೆ ದೊಡ್ಡದಾಗಿ ಯಜಮಾನರು. ಹೆಸರಿನ ಕೆಳಗೆ 'ಸದಸ್ಯರ ಪತಿ' ಅನ್ನುವ ಹುದ್ದೆ. ಅಮ್ಮನವರನ್ನು ಬೆಳ್ಳಗೆ ಮಾಡುವುದನ್ನು ಮಾತ್ರ ಮರೆತಿರುವುದಿಲ್ಲ.

ಸರಿ, ಮಾರಿ ಬೆಳ್ಳಗಾಯಿತು, ಮೈ ಕಡ ಬಂತು, ಬ್ಯಾನರ್ ಕಟ್ಟಿದರು. ಕತೆ ಇಲ್ಲಿಗೆ ಮುಗಿದಿದ್ದರೆ ಬರೆಯುವ ಕೆಲಸ ಇರಲಿಲ್ಲ. ತಾಪತ್ರಯ ಶುರುವಾಗುವುದು ಆಮೇಲೆ. ಸಾಹೇಬರು ತಮ್ಮದೇ ಬ್ಯಾನರಿನ ಕೆಳಗೆ ದಿನಾ ಹಾಯುತ್ತಾರೆ. ಕಾರಿನ ಗಾಜು ಇಳಿಸಿ ನೋಡುತ್ತಾರೆ. ಮನೆಗೆ ಬಂದು ಕನ್ನಡಿ ನೋಡುತ್ತಾರೆ. ಎರಡೂ ತಾಳೆ ಆಗುವುದಿಲ್ಲ. ಬುದ್ಧಿ ಇದ್ದವರು ಬ್ಯಾನರ್ ಇಳಿಸುತ್ತಾರೆ. ಸಾಹೇಬರು ಕನ್ನಡಿಯ ಮೇಲೆ ಸಿಟ್ಟಾಗುತ್ತಾರೆ. ಬ್ಯಾನರಿನಲ್ಲಿರುವುದೇ ತಾನು, ಕನ್ನಡಿಯಲ್ಲಿರುವುದು ಯಾರೋ ಬಾಕಿ ವಸೂಲಿಗೆ ಬಂದವನು ಅಂತ ಅವರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ಇದ್ದ ಮೈಯನ್ನು ಬ್ಯಾನರಿನ ಮೈಗೆ ಹೊಂದಿಸುವ ಕಾಮಗಾರಿ ಆರಂಭ.

ಮೊದಲು ತಲೆಗೆ ಡೈ. ಆಮೇಲೆ ಮುಖಕ್ಕೆ ಫೇಶಿಯಲ್. ಈ ಎರಡು ಕೆಲಸ ಒಂದೇ ಕುರ್ಚಿಯಲ್ಲಿ, ಒಂದೇ ಭಾನುವಾರ ನಡೆಯುತ್ತವೆ. ನನಗೆ ಬಹಳ ಇಷ್ಟವಾದ ದೃಶ್ಯ ಇದು. ಯಾಕೆಂದರೆ ಕೂದಲು ಕಪ್ಪಾಗಲು ಕಾರಣ ಮೆಲನಿನ್. ಚರ್ಮ ಕಪ್ಪಾಗಲು ಕಾರಣವೂ ಮೆಲನಿನ್. ವಯಸ್ಸಾದ ಹಾಗೆ ಕೂದಲ ಬುಡದಲ್ಲಿ ಅದರ ಉತ್ಪಾದನೆ ಕಡಿಮೆಯಾಗಿ ತಲೆ ನರೆಯುತ್ತದೆ. ಅದು ಹೋಯಿತು ಅಂತ ಸಾಹೇಬರಿಗೆ ದುಃಖ. ಎರಡಿಂಚು ಕೆಳಗೆ, ಹಣೆಯಲ್ಲಿ, ಅದೇ ಮೆಲನಿನ್ ಇನ್ನೂ ದುಡಿಯುತ್ತಿದೆ. ಅದು ಹೋಗಲಿಲ್ಲ ಅಂತಲೂ ದುಃಖ. ಮೇಲೆ ಕಪ್ಪು ಬಳಿಯಲು ಒಂದು ರೇಟು, ಕೆಳಗೆ ಕಪ್ಪು ತಿಕ್ಕಿ ತೆಗೆಯಲು ಇನ್ನೊಂದು ರೇಟು. ಗಡಿ ಹುಬ್ಬಿನ ಹತ್ತಿರ. ಹುಬ್ಬು ಮತ್ತೆ ಕಪ್ಪಾಗಿರಬೇಕು. ಕಣ್ಣ ಕೆಳಗೆ ಬಿಳಿ. ಮೀಸೆ ಬಂದರೆ ಪುನಃ ಕಪ್ಪು. ಮೆಲನಿನ್ನಿಗೆ ಬುದ್ಧಿ ಅಂತ ಇದ್ದಿದ್ದರೆ ಯಾವತ್ತೋ ವರ್ಗಾವಣೆ ಕೇಳಿ ಅರ್ಜಿ ಹಾಕುತ್ತಿತ್ತು.

ಪಾಪ, ಅದು ಮಾಡುವ ಕೆಲಸ ನೋಡಿ. ಸೂರ್ಯನ ಅತಿನೇರಳೆ ಕಿರಣ ಚರ್ಮದ ಜೀವಕೋಶಗಳನ್ನು ಹಾಳು ಮಾಡದಂತೆ ತಡೆಯುತ್ತದೆ. ಅದನ್ನು ತಯಾರಿಸುವ ಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಬೆಳ್ಳಗಿನವರಲ್ಲಿ ಕೆಲಸ ಕಡಿಮೆ, ನಮ್ಮಲ್ಲಿ ಓವರ್‌ಟೈಮ್. ಕಲಬುರಗಿಯ ಬಿಸಿಲಿಗೆ ಛತ್ರಿ ಹಿಡಿದು ನಿಂತವನನ್ನೇ ನಾವು ಕಳ್ಳ ಅಂತ ಓಡಿಸುತ್ತಿದ್ದೇವೆ.

ಹಾಗಂತ ನಮ್ಮ ಕಡೆಯವರಿಗೆ ಕಪ್ಪು ಅಂದರೆ ಆಗುವುದಿಲ್ಲ ಅನ್ನಬೇಡಿ. ತೊಗರಿ ಬೆಳೆಯುವ ಕಪ್ಪು ನೆಲ ಎಕರೆಗೆ ಎಷ್ಟು ಅಂತ ಕೇಳಿ ನೋಡಿ. ಮಣ್ಣು ಎಷ್ಟು ಕರಿಯೋ ಅಷ್ಟು ಬಿಗಿಯಾಗಿ ಮಾತಾಡುತ್ತಾರೆ. ಇಲ್ಲಿಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗಲೂ ಫ್ಲೆಕ್ಸ್ ಕಟ್ಟುವುದಕ್ಕೆ ಒಂದು ನೆಪ ಸಿಕ್ಕಿತು. ಪಕ್ಕದ ಬೀದರಿಗೆ ಹೋದರೆ ಬಿದ್ರಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆ ಕಪ್ಪು ಬರುವವರೆಗೆ ಅದಕ್ಕೆ ಬಿದ್ರಿ ಅನ್ನುವ ಬೆಲೆ ಇಲ್ಲ. ಕಪ್ಪು ಕಮ್ಮಿ ಬಂದರೆ ಗಿರಾಕಿ ತಿರುಗಿಸಿ ಕೊಡುತ್ತಾನೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಪ್ಪು ಅಂತ ಪರದೇಶದವರಿಗೆ ಹೇಳಿ ಮಾರುತ್ತೇವೆ.

ನಮ್ಮ ಭಾಗದಲ್ಲಿ ಸನ್ಮಾನ ಅಂದರೆ ಶಾಲು, ಹಾರ ಮತ್ತು ಬಿದ್ರಿ ತಟ್ಟೆ. ಸಾಹೇಬರು ತಟ್ಟೆಯನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋ ಮರುದಿನ ಫ್ಲೆಕ್ಸ್ ಅಂಗಡಿಗೆ ಬರುತ್ತದೆ. "ಜರಾ ಬೆಳ್ಳಗ ಮಾಡ್ರಿ." ಹುಡುಗನಿಗೆ ಅವತ್ತು ಹನ್ನೆರಡು ಆರ್ಡರ್. ಮುಖ ಬೇರೆ ತಟ್ಟೆ ಬೇರೆ ಅಂತ ಕತ್ತರಿಸುತ್ತ ಕೂರಲು ಪುರುಸೊತ್ತಿಲ್ಲ. ಇಡೀ ಫೋಟೋಕ್ಕೆ ಬೆಳಕು ಎತ್ತುತ್ತಾನೆ. ಮುಖ ಬೆಳ್ಳಗಾಯಿತು, ಜೊತೆಗೆ ಬಿದ್ರಿಯೂ. ಬಹಮನಿ ಸುಲ್ತಾನರ ಕಾಲದಿಂದ ಬಂದ ಕಲೆ ಸರ್ದಾರ್ ಪಟೇಲ್ ಸರ್ಕಲ್‌ನಲ್ಲಿ ಮದುವೆ ಊಟದ ಸ್ಟೀಲ್ ತಟ್ಟೆಯಾಗಿ ತೂಗಾಡುತ್ತದೆ. ಸಾಹೇಬರನ್ನು ನೋಡಿದರೆ ಊಟಕ್ಕೆ ಕೂತು ಸಾರಿಗಾಗಿ ಕಾಯುತ್ತಿರುವಂತೆ ಕಾಣುತ್ತದೆ.

ದೊಡ್ಡವರ ಹುಚ್ಚು ಬ್ಯಾನರಿಗೆ ಮುಗಿದರೆ ನಕ್ಕು ಬಿಡಬಹುದು. ಕೆಳಗೆ ಬಸ್ಸಿಗೆ ಕಾಯುವ ಕಾಲೇಜು ಹುಡುಗಿ ಅದನ್ನು ನಿಜ ಅಂತ ಓದಿಕೊಳ್ಳುತ್ತಾಳೆ. ಗೌರವ ಸಿಗುವ ಮುಖ ಅಂದರೆ ಆ ಬಣ್ಣದ್ದು ಅಂತ ತಿಳಿಯುತ್ತಾಳೆ. ಮನೆಯಲ್ಲಿ ಅವಳ ಬಯೋಡಾಟಾ ತಯಾರಾಗುತ್ತಿರುತ್ತದೆ. ಬಣ್ಣ: ಗೋಧಿ. ಮೂರು ಹೊತ್ತು ಜೋಳದ ರೊಟ್ಟಿ ಬಡಿಯುವ ಜಿಲ್ಲೆಯಲ್ಲಿ ಇಷ್ಟು ಗೋಧಿ ಎಲ್ಲಿ ಬೆಳೆಯುತ್ತದೋ ಕೃಷಿ ಇಲಾಖೆಯವರೇ ಹೇಳಬೇಕು. ನೋಡಲು ಬಂದವರು ಹುಡುಗಿಯ ಎಂ.ಎಸ್ಸಿ. ಅಂಕಪಟ್ಟಿ ನೋಡುವುದಿಲ್ಲ. "ಫೋಟೋದಾಗ ಬೆಳ್ಳಗ ಇದ್ಲಲ್ರಿ" ಅನ್ನುತ್ತಾರೆ. ಹೇಳುವ ಬೀಗರ ಬಣ್ಣ ನೋಡಿದರೆ ಸೇಡಂ ರಸ್ತೆಯ ಡಾಂಬರಿಗೂ ಅವರಿಗೂ ಹತ್ತಿರದ ಸಂಬಂಧ. ಅದು ಲೆಕ್ಕಕ್ಕಿಲ್ಲ, ಅವರು ಗಂಡಿನ ಕಡೆಯವರು.

ಹೀಗಾಗಿ ಮೆಡಿಕಲ್ ಶಾಪು. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂದದ್ದು. 2020ರಲ್ಲಿ ಕಂಪನಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಹಾಕಿತು. ನಮ್ಮ ಕಡೆ ಕೇಳುವವರು ಇನ್ನೂ ಹಳೇ ಹೆಸರಲ್ಲೇ ಕೇಳುತ್ತಾರೆ. ಅದು ಹೋಗಲಿ. ಭಯ ಇರುವುದು ಚೀಟಿ ಇಲ್ಲದೆ ಕೈ ಬದಲಾಗುವ ಸಣ್ಣ ಟ್ಯೂಬುಗಳದು. ಬೆಟಾಮೆಥಸೋನ್, ಕ್ಲೋಬೆಟಸೋಲ್ ಅಂತ ಬರೆದಿರುತ್ತದೆ, ಎರಡೂ ಸ್ಟೆರಾಯ್ಡ್. ಇಸುಬು, ತುರಿಕೆಯಂಥ ರೋಗಕ್ಕೆ ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕಾದದ್ದು. ಗೆಳತಿಗೆ ಗೆಳತಿ ಹೇಳಿ ಮುಖಕ್ಕೆ ಹಚ್ಚುತ್ತಾರೆ. ಮೊದಲ ವಾರ ನಿಜವಾಗಿಯೂ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಕೆನ್ನೆಯಲ್ಲಿ ಕೂದಲು ಬರುತ್ತದೆ. ಬಿಟ್ಟರೆ ಉರಿ, ಕೆಂಪು. ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ಫ್ಲೆಕ್ಸಿನ ಹುಡುಗ ಮೌಸ್ ಒಂದು ಸಲ ಒತ್ತಿ ಹಿಂದಕ್ಕೆ ಹೋಗಬಹುದು. ಕೆನ್ನೆಗೆ ಆ ಬಟನ್ ಇಲ್ಲ.

ಸತ್ತರಾದರೂ ಬಿಡುಗಡೆ ಇದೆಯಾ ಅಂದರೆ ಅದೂ ಇಲ್ಲ. ಹಳ್ಳಿಯಲ್ಲಿ ಅರವತ್ತು ವರ್ಷ ನೇಗಿಲ ಹಿಂದೆ ನಡೆದ ಮುತ್ಯಾ ತೀರಿಕೊಂಡರೆ 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್ ಬರುತ್ತದೆ. ಮಗ ಆಧಾರ್ ಕಾರ್ಡ್ ಕೊಟ್ಟು, ಜರಾ ಬೆಳ್ಳಗ ಅನ್ನುತ್ತಾನೆ. ಆಧಾರ್ ಫೋಟೋ ಬಗ್ಗೆ ಎಲ್ಲರೂ ನಗುತ್ತಾರೆ. ನನ್ನ ಕೇಳಿದರೆ ಈ ಜಿಲ್ಲೆಯಲ್ಲಿ ಉಳಿದಿರುವ ಪ್ರಾಮಾಣಿಕ ಕ್ಯಾಮೆರಾ ಅದೊಂದೇ. ಅದಕ್ಕೆ ಯಾರನ್ನೂ ಖುಷಿಪಡಿಸುವ ದರ್ದಿಲ್ಲ. ಅಂಥ ಫೋಟೋದಿಂದಲೂ ಹುಡುಗ ಗುಲಾಬಿ ಬಣ್ಣದ ಮುತ್ಯಾನನ್ನು ತೆಗೆಯುತ್ತಾನೆ. ಕೋಟಿನ ಬಾಡಿ ಹಾಕುತ್ತಾನೆ. ಟೈ ಸಹಿತ. ಅಗಸಿ ಬಾಗಿಲಲ್ಲಿ ಕಟ್ಟಿದಾಗ, ಜೊತೆಗೆ ಎತ್ತು ಕಟ್ಟಿದ ಗೆಳೆಯರು ಒಬ್ಬರನ್ನೊಬ್ಬರು ಕೇಳುತ್ತಾರೆ, "ಯಾವ ಬ್ಯಾಂಕಿನ ಮ್ಯಾನೇಜರ್ ಹೋದನೋ?"

ಕಾನೂನು ಏನೂ ಮಾಡಿಲ್ಲ ಅನ್ನುವ ಹಾಗಿಲ್ಲ. ತೆರೆದ ಜಾಗಗಳನ್ನು ವಿರೂಪ ಮಾಡಬಾರದು ಅಂತ ರಾಜ್ಯ 1981ರಲ್ಲೇ ಕಾಯ್ದೆ ತಂದಿದೆ. 2016ರಲ್ಲಿ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಫ್ಲೆಕ್ಸೂ ಅದರಲ್ಲಿ ಸೇರಿತು. ಅಂದರೆ ನಮ್ಮಲ್ಲಿ ಗೋಡೆಗೆ ರಕ್ಷಣೆ ಇದೆ, ಕಂಬಕ್ಕೆ ಇದೆ, ಮರಕ್ಕೆ ಇದೆ. ಮಾರಿಗೆ ಇಲ್ಲ. ನಿಷೇಧವಾದ ವಸ್ತುವಿನ ಮೇಲೆ ಇಲ್ಲದ ಮುಖ ಅಚ್ಚು ಹಾಕಿ, ಕಡ ತಂದ ಮೈಗೆ ಜೋಡಿಸಿ ಕಟ್ಟಿದರೆ, ಮಂದಿ ಕೆಳಗೆ ನಿಂತು ಕೈ ಮುಗಿಯುತ್ತಾರೆ. ಯಾರೂ ಪುರಾವೆ ಕೇಳುವುದಿಲ್ಲ.

ಪುರಾವೆ ಕೇಳುವ ಜಾಗ ಬೇರೆ ಇದೆ. ರೇಷನ್ ಅಂಗಡಿ. ಅಲ್ಲಿ ಮೈ ಖುದ್ದಾಗಿ ಬಂದು ತಾನು ತಾನೇ ಅಂತ ಸಾಬೀತು ಮಾಡಬೇಕು. ಮಷಿನ್ ಮೇಲೆ ತಂಬ್ ಇಡಬೇಕು. ಹತ್ತಿ ಬಿಡಿಸಿ, ತೊಗರಿ ಕೊಯ್ದು, ರೊಟ್ಟಿ ಬಡಿದು, ಶಹಾಬಾದ್ ಕಡೆ ಫರಸಿ ಕಲ್ಲು ಎತ್ತಿ ಸವೆದ ಬೆರಳುಗಳಲ್ಲಿ ಗೆರೆ ಎಲ್ಲಿ ಉಳಿದಿರುತ್ತವೆ? ಮಷಿನ್ ಕೆಂಪು ದೀಪ ಹಚ್ಚುತ್ತದೆ. ನೀನು ನೀನಲ್ಲ ಅನ್ನುತ್ತದೆ. ಬೆರಳು ತೊಳೆದು, ಸೆರಗಿಗೆ ಒರೆಸಿ, ತಲೆಗೂದಲ ಎಣ್ಣೆಗೆ ತಿಕ್ಕಿ ಮತ್ತೆ ಇಡುತ್ತಾರೆ. ಮತ್ತೆ ಕೆಂಪು. ಹಾಗಾದರೆ ಓಟಿಪಿ ತರಿಸು ಅನ್ನುತ್ತಾರೆ. ಓಟಿಪಿ ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದ ಮಗನ ಫೋನಿಗೆ ಬರುತ್ತದೆ. ಮಗ ಹನ್ನೊಂದನೇ ಮಹಡಿಯಲ್ಲಿರುತ್ತಾನೆ, ಫೋನು ಕೆಳಗೆ ಅಂಗಿಯ ಕಿಸೆಯಲ್ಲಿ.

ಹೀಗೆ ಕೆಂಪು ದೀಪ ಕಂಡು ಬಂದ ಒಬ್ಬ ಆಯಿ ರೇಷನ್ ಅಂಗಡಿಯ ಮಗ್ಗುಲಲ್ಲೇ ಇದ್ದ ಫ್ಲೆಕ್ಸ್ ಅಂಗಡಿಗೆ ಹತ್ತಿದಳು. ಕೈಯಲ್ಲಿ ಖಾಲಿ ಚೀಲ. ಹುಡುಗ ಆಗಷ್ಟೇ ಒಂದು ತಲೆಗೆ ಬಾಡಿ ಕೂರಿಸುತ್ತಿದ್ದ. ಆಯಿ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ತಮ್ಮಾ, ನೀ ಮಂದಿಗಿ ಹೊಸಾ ಮಾರಿ ಮಾಡಿ ಕೊಡ್ತಿಯಂತ. ನಂದೊಂದು ಹೆಬ್ಬಟ್ಟು ಮಾಡಿ ಕೊಡು. ಹಳೇದು ಹತ್ತವಲ್ದು."

"ಅದು ಆಗಂಗಿಲ್ಲ ಆಯಿ. ಖೋಟಾ ಕೇಸ್ ಆಗ್ತದ. ಪೊಲೀಸ್ರು ಒಯ್ತಾರ."

ಆಯಿ ಪರದೆಯ ಕಡೆ ಬೆರಳು ಮಾಡಿದಳು.

"ಮತ್ತ ಇದಕ್ಕ?"

"ಇದಕ್ಕೇನು ಇಲ್ಲ ಆಯಿ. ಇದು ಬರ್ತಡೇದು."